ಕಟ್ಟು ನುಂಗಿದ ಕಾಲಿಂಚು

ಹೋದ ವಾರ ಹಳೆಯ ನೆಗೆಟಿವ್ ಒಂದನ್ನು ಹುಡುಕುತ್ತ ಮೇಜಿನ ಕೆಳಗಿನ ಡ್ರಾಯರ್ ಎಳೆದೆ. ನೆಗೆಟಿವ್‌ಗಿಂತ ಮೊದಲು ಸಿಕ್ಕಿದ್ದು ರಬ್ಬರ್ ಬ್ಯಾಂಡ್ ಸುತ್ತಿದ ಎರಡು ಮರದ ತುಂಡುಗಳು. ಒಂದಕ್ಕೆ ಚಿನ್ನದ ಬಣ್ಣ, ಇನ್ನೊಂದಕ್ಕೆ ಕಂದು ಪಾಲಿಶ್. ಎರಡೂ ಫೋಟೋ ಕಟ್ಟಿನ ಮೂಲೆಗಳು. ಗಿರಾಕಿಗಳು ನೋಡಿ ಆರಿಸಲಿ ಎಂದು ಫ್ರೇಮ್ ಅಂಗಡಿಯ ಗೋಡೆಗೆ ಸಾಲಾಗಿ ನೇತು ಹಾಕಿರುತ್ತಾರಲ್ಲ, ಅಂಥವು. ರಬ್ಬರ್ ಬ್ಯಾಂಡ್ ಮುಟ್ಟಿದ್ದೇ ತುಂಡಾಗಿ ಬಿತ್ತು. ಮರವನ್ನು ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷದ ಮೇಲೂ ಸ್ಪಿರಿಟ್ ಪಾಲಿಶಿನ ವಾಸನೆ ಸ್ವಲ್ಪ ಉಳಿದಿತ್ತು, ಅಥವಾ ಉಳಿದಿದೆ ಎಂದು ನನಗೆ ಅನ್ನಿಸಿತು...

ಅವು ಫ್ರೇಮ್ ಅಂಗಡಿ ಅಂಕಲ್ ಅವರವು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಿಂದ ಎರಡು ಅಡ್ಡರಸ್ತೆ ಆಚೆ, ಒಂದು ಹಿಟ್ಟಿನ ಗಿರಣಿಗೂ ಒಂದು ಟೈಲರ್ ಅಂಗಡಿಗೂ ನಡುವೆ ಒತ್ತಿಕೊಂಡು ಅವರ ಅಂಗಡಿ ಇತ್ತು. ದೇವರ ಪಟ, ಮದುವೆ ಫೋಟೋ, ಡಿಗ್ರಿ ಸರ್ಟಿಫಿಕೇಟು, ತೀರಿಕೊಂಡವರ ಭಾವಚಿತ್ರ, ಎಲ್ಲಕ್ಕೂ ಕಟ್ಟು ಹಾಕಿಕೊಡುತ್ತಿದ್ದರು. ತಿಪಟೂರಿನ ಕಡೆಯವರು. ಬೆಳಿಗ್ಗೆ ಹಚ್ಚಿದ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಅಳಿಸಿ, ಅದರ ಜಾಗದಲ್ಲಿ ಮರದ ಪುಡಿ ಕೂತಿರುತ್ತಿತ್ತು. ಇಟ್ಟಮಡುವಿನಲ್ಲಿ ಮನೆ, ಹೆಂಡತಿ, ಹೈಸ್ಕೂಲು ಓದುವ ಒಬ್ಬಳೇ ಮಗಳು. ಅವರು ಜೀವಮಾನದಲ್ಲಿ ಕ್ಯಾಮೆರಾ ಮುಟ್ಟಿದವರಲ್ಲ. ನಾನು ಫೋಟೋಗ್ರಫಿ ಕಲಿತದ್ದು ಅವರಿಂದ.

ಆಗ ನಾನು ಬಿ.ಕಾಂ ಎರಡನೇ ವರ್ಷ. ಡಿಜಿಟಲ್ ಕ್ಯಾಮೆರಾ ಇನ್ನೂ ಶ್ರೀಮಂತರ ಕೈಯಲ್ಲಿ ಮಾತ್ರ ಇದ್ದ ಕಾಲ. ಸೋದರಮಾವ ತಾನು ಬೇಸತ್ತ ಒಂದು ಫಿಲ್ಮ್ ಕ್ಯಾಮೆರಾವನ್ನು ನನಗೆ ದಾಟಿಸಿದ್ದ. ಅಪ್ಪನ ಬೀಳ್ಕೊಡುಗೆಯ ಗ್ರೂಪ್ ಫೋಟೋಗೆ ಕಟ್ಟು ಹಾಕಿಸಲು ಅಂಗಡಿಗೆ ಹೋದಾಗ, ನನ್ನ ಆಲ್ಬಮನ್ನೂ ಬೇಕೆಂದೇ ಕಂಕುಳಲ್ಲಿಟ್ಟುಕೊಂಡಿದ್ದೆ. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ ವಯಸ್ಸು ಅದು. ಅಂಕಲ್ ಕೇಳಿದರು. ನಾನು ಅತ್ಯಂತ ಹೆಮ್ಮೆಪಡುತ್ತಿದ್ದ ಸೂರ್ಯಾಸ್ತದ ಚಿತ್ರವನ್ನು ಒಂದು ನಿಮಿಷ ನೋಡಿದರು.

"ಇದು ಸೂರ್ಯನ ಫೋಟೋ. ನಿಂದ್ಯಾವ್ದಮ್ಮ?"

ನನಗೆ ಮೈ ಉರಿಯಿತು. ಕಟ್ಟು ಬಡಿಯುವವರಿಗೆ ಇದೆಲ್ಲ ಏನು ಗೊತ್ತು ಎಂದುಕೊಂಡೆ. ಅವರು ನನ್ನ ಮುಖ ನೋಡದೆ ಪುಟ ತಿರುಗಿಸಿ, ಬೀದಿಯ ಹೂವಿನ ಗಾಡಿಯ ಚಿತ್ರವೊಂದನ್ನು ಹೊರತೆಗೆದರು. ಗೋಡೆಯಿಂದ ಎರಡು ಮೂಲೆಗಳನ್ನು ಬಿಚ್ಚಿ, ಒಂದನ್ನು ಚಿತ್ರದ ಮೇಲಿನ ಎಡಕ್ಕೆ, ಇನ್ನೊಂದನ್ನು ಕೆಳಗಿನ ಬಲಕ್ಕೆ ಇಟ್ಟರು. ಎರಡೂ ಸೇರಿ ಒಂದು ಚೌಕಟ್ಟಾಯಿತು. ಆಮೇಲೆ ಅವುಗಳನ್ನು ನಿಧಾನವಾಗಿ ಒಳಕ್ಕೆ ಜರುಗಿಸುತ್ತ ಹೋದರು. ಗಾಡಿಯ ಚಕ್ರ ಹೋಯಿತು, ಹಿಂದಿನ ಸ್ಕೂಟರ್ ಹೋಯಿತು, ಕರೆಂಟ್ ಕಂಬ ಹೋಯಿತು. ಕೊನೆಗೆ ಉಳಿದದ್ದು ಹೂ ಕಟ್ಟುವ ಎರಡು ಕೈ ಮತ್ತು ಹಲ್ಲಿನಲ್ಲಿ ಕಚ್ಚಿ ಹಿಡಿದ ದಾರ. ಅದು ನಾನೇ ತೆಗೆದ ಚಿತ್ರದೊಳಗೆ ಇತ್ತು, ನಾನು ಮಾತ್ರ ನೋಡಿರಲಿಲ್ಲ.

"ಇದು ನಿಂದು," ಎಂದರು.

ಆ ದಿನದಿಂದ ಎರಡು ವರ್ಷ ನಾನು ಆ ಅಂಗಡಿಯ ಖಾಯಂ ಗಿರಾಕಿ, ಏನನ್ನೂ ಕೊಳ್ಳದ ಗಿರಾಕಿ. ಅವರ ಪಾಠಗಳೆಲ್ಲ ಕಸುಬಿನಿಂದ ಬಂದವು. ಫೋಟೋವನ್ನು ತಲೆಕೆಳಗು ಮಾಡಿ ನೋಡುತ್ತಿದ್ದರು. ಹಿಂದಿನಿಂದ ಮೊಳೆ ಹೊಡೆಯುವಾಗ ಚಿತ್ರ ಹೇಗೆಂದರೆ ಹಾಗೆ ತಿರುಗುತ್ತದಲ್ಲ, ಆ ಅಭ್ಯಾಸ. ತಲೆಕೆಳಗಾದಾಗ ಅದು ಅಜ್ಜಿಯೋ ಆನೆಯೋ ತಿಳಿಯುವುದಿಲ್ಲ, ಭಾರ ಯಾವ ಕಡೆಗಿದೆ ಎಂದಷ್ಟೇ ತಿಳಿಯುತ್ತದೆ ಎನ್ನುತ್ತಿದ್ದರು. ಪಕ್ಕಕ್ಕೆ ನೋಡುವ ಮುಖ ಇದ್ದರೆ ಮೂಗಿನ ಮುಂದೆ ಜಾಗ ಬಿಡಬೇಕು. ಇಲ್ಲದಿದ್ದರೆ "ಮೇಷ್ಟ್ರು ಗೋಡೆ ಕಡೆ ತಿರುಗಿಸಿ ನಿಲ್ಲಿಸಿದಂಗಿರುತ್ತೆ". ಬೆಳಕು ಚಪ್ಪಟೆಯಾಗಿದ್ದರೆ ಕ್ಯಾಮೆರಾ ಎತ್ತಬಾರದು. ಚಪ್ಪಟೆ ಎಂಬುದು ಅವರದೇ ಮಾತು. ಮೋಡ ಕವಿದು ಯಾವುದಕ್ಕೂ ನೆರಳಿಲ್ಲದ ಹೊತ್ತಿಗೆ ಹಾಗೆನ್ನುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಪಾಠ ಅಂಚಿನದು. ಮರದ ಕಟ್ಟಿಗೆ ಒಳಗಡೆ ಒಂದು ಮೆಟ್ಟಿಲು ಕೊರೆದಿರುತ್ತಾರೆ, ಫೋಟೋ ಅದರ ಕೆಳಗೆ ಕೂರುತ್ತದೆ. ಹಾಗಾಗಿ ಚಿತ್ರದ ನಾಲ್ಕೂ ಕಡೆ ಕಾಲಿಂಚು ಮರದಡಿ ಹೋಗುತ್ತದೆ. "ಕಟ್ಟು ಕಾಲಿಂಚು ತಿನ್ನುತ್ತೆ, ನೆನಪಿಟ್ಕೋ. ಓರದಲ್ಲಿ ಬೇಕಾದ್ದು ಇಡಬೇಡ, ಬೇಡದ್ದು ಬಿಡಬೇಡ." ಮೊದಲು ನಾಲ್ಕು ಅಂಚು ನೋಡು, ಆಮೇಲೆ ನಡುವೆ ನೋಡು ಎನ್ನುತ್ತಿದ್ದರು. ನಾನು ಈಗ ಶನಿವಾರದ ಫೋಟೋಗ್ರಫಿ ಕ್ಲಾಸಿನಲ್ಲಿ ಹುಡುಗರಿಗೆ ಹೇಳುವುದೂ ಇದನ್ನೇ. ಅವರು ಬರೆದುಕೊಳ್ಳುತ್ತಾರೆ.

ಅಂಕಲ್‌ಗೆ ಸಕ್ಕರೆ ಕಾಯಿಲೆ ಇತ್ತು. ಡಾಕ್ಟರು ನಡೆಯಲು ಹೇಳಿದ್ದರು. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಯಡಿಯೂರು ಕೆರೆಯ ಸುತ್ತ ನಡೆಯುತ್ತಿದ್ದರು, ನಾನು ಕ್ಯಾಮೆರಾ ಹಿಡಿದು ಹಿಂದೆ. ಮೊದಲ ಭಾನುವಾರ ನನ್ನ ಅಮ್ಮ ಬೆಂಡೆಕಾಯಿ ಕೊಳ್ಳುವ ನೆಪದಲ್ಲಿ ಬಂದು, ಛತ್ರಿ ಹಿಡಿದು ಏದುಸಿರು ಬಿಡುತ್ತಿದ್ದ ಈ ಮನುಷ್ಯನನ್ನು ದೂರದಿಂದ ನೋಡಿ, ನೆಮ್ಮದಿಯಿಂದ ಮನೆಗೆ ಹೋದಳು. ಮೂವತ್ತಾರು ಫ್ರೇಮಿನ ಒಂದು ರೋಲು ನನಗೆ ಒಂದು ತಿಂಗಳು ಬರಬೇಕಿತ್ತು. ಕೊನೆಯ ಒಂದು ಫ್ರೇಮನ್ನು ಮಾತ್ರ ಮನೆಗೆ ಹೊರಡುವವರೆಗೂ ಉಳಿಸಿಕೊಳ್ಳಬೇಕು ಎಂಬುದು ಅವರ ಕಟ್ಟಳೆ. ಎಲ್ಲ ಮುಗಿಯಿತು ಎಂದು ತಿರುಗಿದಾಗಲೇ ಏನೋ ಕಾಣಿಸುತ್ತದಂತೆ.

ಒಂದು ಭಾನುವಾರ ಮೋಡ ಇತ್ತು. ರೋಲಿನಲ್ಲಿ ಒಂದೇ ಒಂದು ಫ್ರೇಮ್ ಉಳಿದಿತ್ತು. ಅಂಕಲ್ ಕೆರೆಯ ದಂಡೆಯ ಸಿಮೆಂಟ್ ಬೆಂಚಿನ ಮೇಲೆ ಕೂತಿದ್ದರು. ಆ ವಾರ ಅಂಗಡಿಗೆ ಯಾರೋ ಬಂದು, ಮದುವೆಯ ಗ್ರೂಪ್ ಫೋಟೋ ಒಂದನ್ನು ಕೊಟ್ಟು, ಇದರಲ್ಲಿ ನಮ್ಮ ತಂದೆಯವರನ್ನು ಮಾತ್ರ ಬಿಡಿಸಿ ದೊಡ್ಡದು ಮಾಡಿಸಿ ಕಟ್ಟು ಹಾಕಿಕೊಡಿ ಎಂದಿದ್ದರಂತೆ. ತಂದೆಯವರು ಅದರಲ್ಲಿ ಬಾಯಿ ತೆರೆದು ಲಾಡು ತಿನ್ನುತ್ತಿದ್ದರು.

"ಎಲ್ಲರ ಮನೇಲೂ ಇದೇ ಕತೆ," ಎಂದರು ಅಂಕಲ್. "ಮನುಷ್ಯ ಹೋದ್ಮೇಲೆ ಫೋಟೋ ಹುಡುಕ್ತಾರೆ. ಅದ್ಕೇ ಹೇಳ್ತಿದೀನಿ, ನಂದೊಂದು ತೆಗೀಯಮ್ಮ. ಚೆನ್ನಾಗಿರೋದು ಒಂದೇ ಒಂದು ಇದ್ರೆ ಸಾಕು."

ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೊಂದೇ ಸಲ. ನಾನು ಆಕಾಶ ನೋಡಿದೆ.

"ಬೆಳಕು ಚಪ್ಪಟೆ ಇದೆ ಅಂಕಲ್. ಮುಂದಿನ ವಾರ ತೆಗೀತೀನಿ."

ಅವರದೇ ಪಾಠ ಅವರಿಗೇ ಒಪ್ಪಿಸಿದೆ. ಅವರಿಗೆ ಖುಷಿಯೇ ಆಯಿತು, ನಕ್ಕರು. ಒಂದು ಹತ್ತು ನಿಮಿಷ ಕಳೆದಿರಬೇಕು. ಮೋಡ ಒಂದು ಕಡೆ ಬಿರಿದು, ಓರೆ ಬಿಸಿಲು ನೇರವಾಗಿ ಬಂದು ಆ ಬೆಂಚಿನ ಮೇಲೆ ಬಿತ್ತು. ಬೆಂಚಿನ ನೆರಳು ಉದ್ದಕ್ಕೆ ನೀರಿನವರೆಗೂ ಚಾಚಿತು. ಅಷ್ಟು ಹೊತ್ತಿಗೆ ನಾನು ನೋಡುವುದನ್ನು ಕಲಿತಿದ್ದೆ. ಖಾಲಿ ಬೆಂಚು, ಅದರ ಮೇಲೆ ಆ ಬೆಳಕು. ಚಿತ್ರ ಪೂರ್ತಿ ಕಣ್ಣಿಗೆ ಕಟ್ಟಿತ್ತು, ಆದರೆ ಬೆಂಚಿನ ಮೇಲೆ ಅಂಕಲ್ ಕೂತಿದ್ದರು.

"ಅಂಕಲ್, ಸ್ವಲ್ಪ ಎದ್ದು ಈ ಕಡೆ ಬರ್ತೀರಾ? ಬೇಗ, ಬೇಗ."

ಅವರು ಗಡಿಬಿಡಿಯಿಂದ ಎದ್ದು, ನನ್ನ ಚೀಲವನ್ನೂ ಎತ್ತಿಕೊಂಡು ಎಡಕ್ಕೆ ಸರಿದರು. ನಾನು ಕೊನೆಯ ಫ್ರೇಮ್ ಕ್ಲಿಕ್ ಮಾಡಿದೆ.

ಚಿತ್ರ ಪ್ರಿಂಟಾಗಿ ಬಂದಾಗ ಅಂಗಡಿಗೆ ಓಡಿದೆ. ಅದು ಒಳ್ಳೆಯ ಚಿತ್ರ, ಇವತ್ತಿಗೂ ಹಾಗೆಯೇ ಹೇಳುತ್ತೇನೆ. ಒಂದೇ ಒಂದು ತೊಡಕು. ನನ್ನದರಂಥ ಕ್ಯಾಮೆರಾಗಳಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕಾಣುವುದಕ್ಕಿಂತ ಒಂದು ಚೂರು ಹೆಚ್ಚೇ ಫಿಲ್ಮಿನ ಮೇಲೆ ಬೀಳುತ್ತದೆ. ಹಾಗಾಗಿ ಎಡ ಅಂಚಿನಲ್ಲಿ ಅಂಕಲ್ ಸಿಕ್ಕಿಕೊಂಡಿದ್ದರು. ಅರ್ಧ ಮುಖ, ಕನ್ನಡಕದ ಒಂದು ಗಾಜು, ಚೌಕುಳಿ ಅಂಗಿಯ ಭುಜ, ಅದಕ್ಕೆ ಜೋತುಬಿದ್ದ ನನ್ನ ಚೀಲ. ನಾನು ಏನಾದರೂ ಹೇಳುವ ಮೊದಲೇ ಅವರು ಗೋಡೆಯಿಂದ ಚಿನ್ನದ ಮೂಲೆ ತೆಗೆದು, ತಮ್ಮ ಮೇಲೆಯೇ ಇಟ್ಟುಕೊಂಡರು.

"ಇವ್ನು ಬೇಡ. ಬೆಂಚು ಖಾಲಿ ಇರೋದೇ ಚಂದ."

ಹಾಗೆಯೇ ಕತ್ತರಿಸಿ ದೊಡ್ಡದು ಮಾಡಿಸಿದೆ. ಕಟ್ಟನ್ನು ಅವರೇ ಹಾಕಿದರು, ಕಂದು ಬಣ್ಣದ್ದು, ಸಣ್ಣ ಪಟ್ಟಿಯದು. ಕಾಲೇಜುಗಳ ನಡುವಿನ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಆ ಸರ್ಟಿಫಿಕೇಟಿಗೂ ಅವರೇ ಕಟ್ಟು ಹಾಕಿಕೊಟ್ಟರು.

ಮುಂದಿನ ವಾರ ಎಂದಿದ್ದೆನಲ್ಲ... ಮುಂದಿನ ವಾರ ಮೋಡವಿರಲಿಲ್ಲ, ಹೊಸ ರೋಲೂ ಇತ್ತು. ಆದರೆ ಬಹುಮಾನಕ್ಕೆ ಮೊದಲೇ ಆ ಬೆಂಚಿನ ಚಿತ್ರದ ಗಾಳಿ ತಲೆಗೇರಿತ್ತು. ಆ ತಿಂಗಳು ನನಗೆ ಬೀದಿಯ ಮುಖಗಳ ಹುಚ್ಚು. ಬನಶಂಕರಿ ದೇವಸ್ಥಾನದ ಹತ್ತಿರ ನಿಂಬೆಹಣ್ಣು ಮಾರುವವರು, ಹೂವಿನವರು, ಬಳೆಯವರು. ಅಂಕಲ್ ಕೆರೆಯ ನಡಿಗೆ ಬಿಟ್ಟು ಅಲ್ಲಿಗೂ ಜೊತೆಗೆ ಬಂದರು. ಆ ದಿನಗಳಲ್ಲಿ ಅವರು ಎಂದಿನ ಚೌಕುಳಿ ಅಂಗಿ ಬಿಟ್ಟು ಬಿಳಿಯ ತುಂಬುತೋಳಿನ ಅಂಗಿ ಹಾಕುತ್ತಿದ್ದರು. ಅದು ನನಗೆ ನೆನಪಿರುವುದಕ್ಕೆ ಕಾರಣ ಬೇರೆ. ಬಿಳಿ ಬಟ್ಟೆ ಬಿಸಿಲನ್ನು ತಿರುಗಿಸಿ ಎಸೆಯುತ್ತದೆ. ಹೂವಿನಾಕೆಯ ಮುಖದ ಒಂದು ಪಕ್ಕ ಕಪ್ಪಾಗಿದ್ದರೆ, ಅಂಕಲ್, ಇಲ್ಲಿ ನಿಂತ್ಕೊಳ್ಳಿ, ಇನ್ನೂ ಹತ್ರ, ಫ್ರೇಮ್ ಒಳಗೆ ಮಾತ್ರ ಬರಬೇಡಿ ಎನ್ನುತ್ತಿದ್ದೆ. ಅವರು ಎದೆಯುಬ್ಬಿಸಿ ನಿಲ್ಲುತ್ತಿದ್ದರು. ಅಂಗಿಯ ಬೆಳಕು ಅವಳ ಕೆನ್ನೆಯ ಮೇಲೆ ಬೀಳುತ್ತಿತ್ತು. ಫೋಟೋದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನನಗೆ ನೆನಪಿರಲಿಲ್ಲ ಎಂದರೆ ಸುಳ್ಳು. ನೆನಪಿತ್ತು, ಅವಸರವಿರಲಿಲ್ಲ.

ಒಂದು ಮಂಗಳವಾರ ಅಂಗಡಿ ತೆರೆಯಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಬಂದವರು ಕುರ್ಚಿಯಲ್ಲಿ ಕೂತರಂತೆ, ಅಷ್ಟೇ. ನನಗೆ ಸುದ್ದಿ ತಿಳಿಯುವ ಹೊತ್ತಿಗೆ ಊರಿಗೆ ಒಯ್ದು ಮಣ್ಣು ಮಾಡಿಯೂ ಆಗಿತ್ತು. ಐದಾರು ದಿನದ ಮೇಲೆ ಅವರ ಹೆಂಡತಿ ನಮ್ಮ ಮನೆಗೆ ಬಂದರು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಅಮ್ಮ ಕೊಟ್ಟ ಕಾಫಿಯನ್ನು ಕುಡಿಯದೆ ಪಕ್ಕಕ್ಕಿಟ್ಟು ನನ್ನನ್ನು ನೋಡಿದರು.

"ಹನ್ನೊಂದನೇ ದಿನ ಶಿವಗಣಾರಾಧನೆ. ಫೋಟೋ ಇಡ್ಬೇಕು. ಮದ್ವೆ ಫೋಟೋ ಇದೆ, ಅದ್ರಲ್ಲಿ ಇವ್ರು ಇಪ್ಪತ್ನಾಕು ವರ್ಷದ ಹುಡುಗ, ನಾನು ಇಷ್ಟು ವರ್ಷ ಬಾಳಿದ್ದು ಆ ಹುಡುಗನ ಜೊತೆ ಅಲ್ಲ. ವೋಟರ್ ಕಾರ್ಡಲ್ಲಿ ಕಳ್ಳನ ಥರ ಇದಾರೆ. ನೀನು ತೆಗೀತೀಯ ಅಂತ ಹೇಳ್ತಿದ್ರು. ತೆಗೆದಿದೀಯ ಅಲ್ವಾ?"

ನೆಗೆಟಿವ್ ನೋಡಿ ಹೇಳ್ತೀನಿ ಆಂಟಿ ಎಂದೆ. ಏನು ನೋಡುವುದು? ಆದರೂ ನೋಡಿದೆ. ಎರಡು ವರ್ಷದ ರೋಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದೆ. ನೂರಾರು ಫ್ರೇಮುಗಳನ್ನು ತೆಗೆಯುವಾಗ ಅವರು ನನ್ನಿಂದ ಎರಡು ಮಾರು ದೂರದಲ್ಲಿದ್ದರು. ಒಂದರಲ್ಲಿ ಛತ್ರಿಯ ತುದಿ. ಒಂದರಲ್ಲಿ ಚಪ್ಪಲಿ. ನನ್ನ ಅಂಚುಗಳು ಅಷ್ಟು ಚೊಕ್ಕಟ. ಮುಖ ಅನ್ನುವುದು ಇದ್ದದ್ದು ಆ ಬೆಂಚಿನ ನೆಗೆಟಿವ್‌ನಲ್ಲಿ ಮಾತ್ರ, ಅದೂ ಅರ್ಧ.

ಅದನ್ನೇ ಪೂರ್ತಿಯಾಗಿ ದೊಡ್ಡದು ಮಾಡಿಸಿದೆ. ಕಟ್ಟು ಹಾಕಲು ಬೇರೆ ಅಂಗಡಿಗೆ ಕೊಡಲು ಮನಸ್ಸಾಗಲಿಲ್ಲ. ಆಂಟಿ ಅಂಗಡಿಯ ಬೀಗ ತೆಗೆಸಿ ಅಂಕಲ್ ಅವರ ಸ್ಟೂಲಿನ ಮೇಲೆ ಕೂತರು. ಅಂಕಲ್ ಕತ್ತರಿಸಿಟ್ಟಿದ್ದ ಪಟ್ಟಿಗಳನ್ನೇ ಹುಡುಕಿ, ನೋಡಿ ಕಲಿತಷ್ಟರಲ್ಲಿ ನಾನೇ ಜೋಡಿಸಿದೆ. ಒಂದು ಮೂಲೆ ಬಾಯಿ ಬಿಟ್ಟುಕೊಂಡಿತು. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತಿದೆ. ಮೊಳೆ ಹೊಡೆದು, ತಿರುಗಿಸಿ, ಎದುರಿಗೆ ನಿಲ್ಲಿಸಿದೆ. ಬೆಂಚು ಇತ್ತು, ಕೆರೆ ಇತ್ತು, ಬೆಳಕಿತ್ತು. ಎಡಗಡೆ ಒಂದು ಮೂಗಿನ ತುದಿ ಮಾತ್ರ ಇತ್ತು.

ಆಂಟಿ ಆ ಮೂಗಿನ ತುದಿಯ ಮೇಲೆ ಬೆರಳಿಟ್ಟರು. "ಕಟ್ಟು ಕಾಲಿಂಚು ತಿನ್ನುತ್ತೆ ಅಂತ ನಿಂಗೆ ಹೇಳ್ಕೊಟ್ಟಿರ್ಲಿಲ್ವಾ ಇವ್ರು?"

ನಾನು ಅಲ್ಲಿಯೇ ಅತ್ತೆ. ಅದಕ್ಕೆ ಮೊದಲು ಅತ್ತಿರಲಿಲ್ಲ. ಮೊಳೆ ಕಿತ್ತು, ಚಿತ್ರವನ್ನು ಸ್ವಲ್ಪ ಅಗಲವಾದ ಬಿಳಿ ರಟ್ಟಿನ ಮೇಲೆ ಅಂಟಿಸಿ, ಮರದ ಪಾಲಿಗೆ ಆ ರಟ್ಟು ಹೋಗುವಂತೆ ಇನ್ನೊಂದು ಕಟ್ಟು ಮಾಡಿದೆ. ಈ ಸಲ ಅರ್ಧ ಮುಖವೂ ಉಳಿಯಿತು, ಭುಜವೂ ಉಳಿಯಿತು. ಹೊರಡುವಾಗ ಆಂಟಿ ಗೋಡೆಯಿಂದ ಎರಡು ಮೂಲೆಗಳನ್ನು ಬಿಚ್ಚಿ ನನ್ನ ಕೈಗಿಟ್ಟರು. ಚಿತ್ರವನ್ನು ಇನ್ನೊಮ್ಮೆ ನೋಡಿ, "ಇವ್ರು ಓರದಲ್ಲಿದಾರೆ. ಮಧ್ಯದಲ್ಲಿ ಬೆಂಚ್ ಯಾಕಮ್ಮ ಬಂತು?" ಎಂದು ಕೇಳಿದರು.

"ಅದು ಕಂಪೋಸಿಷನ್, ಆಂಟಿ," ಎಂದೆ.

ಅವರು ತಲೆಯಾಡಿಸಿದರು. ಇಷ್ಟು ವರ್ಷದಲ್ಲಿ ನಾನು ಆ ಪದವನ್ನು ಅದಕ್ಕಿಂತ ನಾಚಿಕೆಗೆಟ್ಟು ಬಳಸಿದ್ದು ನೆನಪಿಲ್ಲ.

ಹನ್ನೊಂದನೆಯ ದಿನ ಇಟ್ಟಮಡುವಿನ ಮನೆಯ ನಡುಮನೆಯಲ್ಲಿ ಆ ಚಿತ್ರಕ್ಕೆ ಹಾರ ಹಾಕಿದರು. ಊರಿನಿಂದ ಬಂದ ಹಿರಿಯರೊಬ್ಬರು ಕಣ್ಣು ಸರಿಯಾಗಿ ಕಾಣದೆ ಬೆಂಚಿನ ಬೆನ್ನಿಗೆ ಮೂರು ಬೆರಳು ವಿಭೂತಿ ಎಳೆದು ಕೈ ಮುಗಿದರು. ಯಾರೋ ಕಿಸಕ್ಕೆಂದರು. ಅಂಕಲ್ ಇದ್ದಿದ್ದರೆ ಅವರೂ ನಗುತ್ತಿದ್ದರು. ಆಂಟಿ ಎದ್ದು ಬಂದು, ಸೆರಗಿನಿಂದ ಗಾಜು ಒರೆಸಿ, ಎಡ ಅಂಚಿನ ಅರ್ಧ ಹಣೆಗೆ ಒಂದೇ ಬೆರಳಿನಲ್ಲಿ ಹಚ್ಚಿದರು.

ಆಂಟಿ ಹೋಗಿ ಈಗ ಎರಡು ವರ್ಷ. ಅವರ ಫೋಟೋವನ್ನು ನಾನೇ ತೆಗೆದಿದ್ದೆ, ಚೆನ್ನಾಗಿದೆ. ಎರಡೂ ಚಿತ್ರಗಳು ಈಗ ಅಂಜನಾಪುರದಲ್ಲಿ ಮಗಳ ಮನೆಯಲ್ಲಿವೆ. ಹೋದ ವಾರ ಆ ಮಗಳೇ ಫೋನ್ ಮಾಡಿದ್ದಳು.

"ಅಕ್ಕ, ಅಪ್ಪನ ಫೋಟೋ ನೋಡಿದೋರೆಲ್ಲ ಇದೇನು ಪಾರ್ಕಿನ ಚಿತ್ರ ಅಂತಾರೆ. ಈಗ ಎಐ ಎಲ್ಲಾ ಬಂದಿದ್ಯಲ್ಲ, ಅಪ್ಪನ್ನ ಆ ಬೆಂಚಿನ ಮೇಲೆ ಕೂರಿಸಕ್ಕಾಗಲ್ವಾ?"

ನೆಗೆಟಿವ್ ಹುಡುಕಿದ್ದು ಅದಕ್ಕೆ. ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಕೊಟ್ಟೆ. ಐದು ನಿಮಿಷ ಹಿಡಿಯಲಿಲ್ಲ. ಇಲ್ಲದ ಅರ್ಧ ಮುಖವನ್ನು ಅದೇ ಊಹಿಸಿಕೊಂಡು, ಅಂಕಲ್‌ರನ್ನು ಬೆಂಚಿನ ಮೇಲೆ, ಆ ಬೆಳಕಿನಲ್ಲಿ, ನಗುತ್ತ ಕೂರಿಸಿತು. ಅಂಚುಗಳು ಚೊಕ್ಕಟವಾಗಿದ್ದವು, ಮೂಗಿನ ಮುಂದೆ ಬೇಕಾದಷ್ಟು ಜಾಗವಿತ್ತು. ಹಲ್ಲು ಸಾಲಾಗಿದ್ದವು. ಅಂಕಲ್‌ಗೆ ಮುಂದಿನ ಒಂದು ಹಲ್ಲು ಇರಲಿಲ್ಲ. ಅಳಿಸಿಹಾಕಿ ಮಗಳಿಗೆ ಫೋನ್ ಮಾಡಿದೆ. ಇದು ಆಗುವುದಿಲ್ಲ, ಅದು ನಿಮ್ಮಪ್ಪ ಅಲ್ಲ ಎಂದೆ. ಮಾತು ಅಲ್ಲಿಗೇ ಮುಗಿಸಬಹುದಿತ್ತು. ಆಂಟಿಗೆ ಯಾವತ್ತೂ ಹೇಳದೆ ಇದ್ದದ್ದು ಬಾಯಿಗೆ ಬಂತು.

"ಅವ್ರು ಆ ಬೆಂಚಿನ ಮೇಲೇ ಕೂತಿದ್ರು. ನಂದೊಂದು ತೆಗಿ ಅಂತ ಕೇಳಿದ್ರು. ನಾನೇ ಎಬ್ಬಿಸಿದೆ."

"ಗೊತ್ತು ಅಕ್ಕ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ಮನೆಗೆ ನಗ್ತಾ ಬಂದ್ರು. ಹುಡುಗಿ ಕಲ್ತುಬಿಟ್ಲು ಕಣೇ, ನನ್ನನ್ನೇ ಎಬ್ಬಿಸಿದ್ಲು ಅಂತ ಅಮ್ಮಂಗೆ ಹೇಳಿದ್ರು. ಮುಂದಿನ ವಾರ ನಂದು ತೆಗೀತಾಳೆ, ಆ ಬಿಳಿ ಅಂಗಿ ಇಸ್ತ್ರಿ ಮಾಡಿಡು ಅಂದ್ರು. ಆಮೇಲೆ ಪ್ರತಿ ಶನಿವಾರ ನಾನೇ ಇಸ್ತ್ರಿ ಮಾಡಿಡ್ತಿದ್ದೆ."

ಅವಳು ಬೇರೇನೋ ಮಾತಾಡಿದಳು, ಮಳೆ, ಮೆಟ್ರೋ, ಮಕ್ಕಳ ಪರೀಕ್ಷೆ... ಫೋನ್ ಇಟ್ಟ ಮೇಲೆ ಆ ತಿಂಗಳ ನೆಗೆಟಿವ್‌ಗಳನ್ನು ಹೊರತೆಗೆದೆ. ನಿಂಬೆಹಣ್ಣಿನಾಕೆ, ಬಳೆಯವನು, ಹೂವಿನಾಕೆ. ಒಬ್ಬೊಬ್ಬರ ಮುಖದ ನೆರಳಿನ ಪಕ್ಕದಲ್ಲೂ ಮೆತ್ತನೆಯ ಬೆಳಕು. ನಾಲ್ಕು ಭಾನುವಾರ, ಆ ಇಸ್ತ್ರಿ ಮಾಡಿದ ಅಂಗಿಯ ಬೆಳಕಿನಲ್ಲಿ, ನಾನು ಬೇರೆಯವರ ಫೋಟೋ ತೆಗೆದಿದ್ದೆ.